ಮುಧೋಳ ನಾಯಿಯನ್ನು ಶ್ವಾನ ಪ್ರದರ್ಶನಕ್ಕೆ ಸಿದ್ಧಪಡಿಸುವ ಬಗೆ

ಬಾಗಲಕೋಟೆ ಜಿಲ್ಲೆಯ ಮುಧೋಳ ಹಾಗೂ ಅದರ ಸುತ್ತಲಿನ ಗ್ರಾಮಗಳಲ್ಲಿ ಮುಧೋಳ ನಾಯಿಯ ಸಾಕಣೆಯು ಅನೇಕ ಕುಟುಂಬಗಳಿಗೆ ಬೇಸಾಯದ ಜೊತೆಗಿನ ಉಪಕಸುಬಾಗಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಹೊರತಂದಿತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ದೇಶೀಯ ತಳಿಯಾಗಿ ದಾಖಲಿಸಿದೆ. ಆದರೂ ಮರಿಗಳನ್ನು ಮಾರುವ ರೈತರಿಗೆ ಒಂದು ತೊಡಕು ಉಳಿದೇ ಇದೆ: ತಮ್ಮ ನಾಯಿ ಶುದ್ಧ ತಳಿಯದೆಂದು ದೂರದ ಊರಿನ ಖರೀದಿದಾರನಿಗೆ ತೋರಿಸಿಕೊಡುವುದು ಹೇಗೆ? ಶ್ವಾನ ಪ್ರದರ್ಶನವು ಇದಕ್ಕಿರುವ ದಾರಿಗಳಲ್ಲಿ ಒಂದು. ಅಲ್ಲಿ ತಳಿಯನ್ನು ಬಲ್ಲ, ಮಾರಾಟದಲ್ಲಿ ಪಾಲಿಲ್ಲದ ತೀರ್ಪುಗಾರರು ನಿಮ್ಮ ನಾಯಿಯನ್ನು ಮುಟ್ಟಿ, ನಡೆಸಿ, ಪರೀಕ್ಷಿಸಿ ಅಭಿಪ್ರಾಯ ನೀಡುತ್ತಾರೆ.

ಪ್ರದರ್ಶನಗಳಲ್ಲಿ ಎರಡು ಬಗೆಗಳಿವೆ. ಉತ್ಸವ, ಕೃಷಿ ಮೇಳ ಹಾಗೂ ದಸರಾ ಸಂದರ್ಭದಲ್ಲಿ ನಡೆಯುವ ಸ್ಥಳೀಯ ಪ್ರದರ್ಶನಗಳಿಗೆ ಸಾಮಾನ್ಯವಾಗಿ ನೋಂದಣಿ ಪತ್ರದ ಅಗತ್ಯವಿರುವುದಿಲ್ಲ. ಲಸಿಕೆಯ ಪುಸ್ತಕವಿದ್ದರೆ ಸಾಕು. ಕೆನಲ್ ಕ್ಲಬ್‌ಗಳು ನಡೆಸುವ ಚಾಂಪಿಯನ್‌ಶಿಪ್ ಪ್ರದರ್ಶನಗಳಿಗೆ ನೋಂದಾಯಿತ ನಾಯಿಗಳು ಮಾತ್ರ ಅರ್ಹ. ಹೊಸಬರು ಮೊದಲ ಬಗೆಯಲ್ಲಿ ಒಂದೆರಡು ಬಾರಿ ಅನುಭವ ಪಡೆದು ನಂತರ ಎರಡನೆಯದಕ್ಕೆ ಹೋಗುವುದು ಸೂಕ್ತ. ಅದಕ್ಕೂ ಮೊದಲು ನಾಯಿಯಿಲ್ಲದೆ ಒಮ್ಮೆ ಹೋಗಿ, ರಿಂಗ್‌ನ ಪಕ್ಕದಲ್ಲಿ ನಿಂತು ಇಡೀ ದಿನ ನೋಡಿ ಬನ್ನಿ. ಪುಸ್ತಕ ಓದಿ ತಿಳಿಯದ ಎಷ್ಟೋ ವಿಷಯಗಳು ಅಲ್ಲಿ ತಿಳಿಯುತ್ತವೆ.

ದಾಖಲೆಗಳು

ಕೆನಲ್ ಕ್ಲಬ್ ಆಫ್ ಇಂಡಿಯಾ ಸಂಸ್ಥೆಯು ಈ ತಳಿಯನ್ನು ‘ಕ್ಯಾರವಾನ್ ಹೌಂಡ್’ ಎಂಬ ಹೆಸರಿನಲ್ಲಿ ನೋಂದಾಯಿಸುತ್ತದೆ. ‘ಮುಧೋಳ ಹೌಂಡ್’ ಎಂಬ ಹೆಸರನ್ನು ಬಳಸುವುದು ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್. ಅರ್ಜಿಯಲ್ಲಿ ಹೆಸರು ತಪ್ಪಾಗಿ ಬರೆದರೆ ಪ್ರವೇಶವೇ ತಿರಸ್ಕೃತವಾಗಬಹುದು. ಆದ್ದರಿಂದ ಪ್ರದರ್ಶನವು ಯಾವ ಸಂಸ್ಥೆಯ ಅಡಿಯಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ತಂದೆ ತಾಯಿ ಎರಡೂ ನೋಂದಾಯಿತವಾಗಿದ್ದರೆ ಮರಿಗಳ ನೋಂದಣಿ ಸುಲಭ. ನಮ್ಮ ಹಳ್ಳಿಗಳ ಒಳ್ಳೆಯ ನಾಯಿಗಳಲ್ಲಿ ಹೆಚ್ಚಿನವುಗಳಿಗೆ ಇಂತಹ ಪತ್ರಗಳಿಲ್ಲ. ಅಂತಹ ದೇಶೀಯ ತಳಿಯ ನಾಯಿಗಳನ್ನು ತೀರ್ಪುಗಾರರ ಪರಿಶೀಲನೆಯ ಮೇರೆಗೆ ನೋಂದಾಯಿಸಿಕೊಳ್ಳುವ ವ್ಯವಸ್ಥೆಯ ಬಗ್ಗೆ ಸಮೀಪದ ನಗರದ ಕೆನಲ್ ಕ್ಲಬ್‌ನಲ್ಲಿ ವಿಚಾರಿಸಬೇಕು. ಗುರುತಿಗಾಗಿ ಮೈಕ್ರೋಚಿಪ್ ಅಳವಡಿಸಬೇಕಾಗುತ್ತದೆ. ಅಕ್ಕಿಕಾಳಿನ ಗಾತ್ರದ ಈ ಚಿಪ್ಪನ್ನು ಪಶುವೈದ್ಯರು ಹೆಗಲ ನಡುವಿನ ಚರ್ಮದಡಿ ಚುಚ್ಚುಮದ್ದಿನಂತೆ ಸೇರಿಸುತ್ತಾರೆ.

ಮರಿಗಳನ್ನು ಮಾರುವವರು 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳನ್ನೂ ತಿಳಿದಿರಬೇಕು. ಇವುಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸುವುದು ಕಡ್ಡಾಯ. ಎಂಟು ವಾರ ತುಂಬದ ಮರಿಯ ಮಾರಾಟ ನಿಷಿದ್ಧ.

ನಾಯಿಯ ಆಯ್ಕೆ

ತೀರ್ಪುಗಾರರು ನಾಯಿಗಳನ್ನು ಅಳೆಯುವುದು ತಳಿಯ ಮಾನದಂಡದೊಂದಿಗೆ. ಪಕ್ಕದ ನಾಯಿಯೊಂದಿಗಿನ ಹೋಲಿಕೆ ಆಮೇಲಿನದು. ಮುಧೋಳ ನಾಯಿಯ ತಲೆ ನೀಳ ಹಾಗೂ ಕಿರಿದು, ಕಿವಿಗಳ ನಡುವೆ ಮಾತ್ರ ತುಸು ಅಗಲ. ಕಿವಿಗಳು ತಲೆಬುರುಡೆಗೆ ಅಂಟಿದಂತೆ ಇಳಿಬಿದ್ದಿರಬೇಕು. ಕತ್ತು ನೀಳ ಮತ್ತು ಸ್ನಾಯುಭರಿತ, ಎದೆ ಆಳ, ಹೊಟ್ಟೆ ಒಳಸೇರಿದ್ದು, ಸೊಂಟದಲ್ಲಿ ಸ್ವಲ್ಪ ಕಮಾನು. ಗಂಡು ಸಾಮಾನ್ಯವಾಗಿ 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರವಿರುತ್ತದೆ. ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳ ಮುಂದೆ ಕತ್ತರಿಯಂತೆ ಕೂಡಬೇಕು. ಗಂಡುನಾಯಿಯ ಎರಡೂ ವೃಷಣಗಳು ಚೀಲಕ್ಕೆ ಇಳಿದಿರಬೇಕು. ಇಳಿಯದ ನಾಯಿಯನ್ನು ಪ್ರದರ್ಶನಕ್ಕಾಗಲೀ ಸಂತಾನಕ್ಕಾಗಲೀ ಬಳಸಬೇಡಿ.

ಎತ್ತರ ಹೆಚ್ಚಿಸಲು, ಮೈಕಟ್ಟು ತುಂಬಿಸಲು ಗ್ರೇಹೌಂಡ್ ರಕ್ತ ಬೆರೆಸುವುದು ಹಲವರಿಗೆ ಸುಲಭ ಉಪಾಯವಾಗಿ ಕಾಣುತ್ತದೆ. ಹೀಗೆ ಹುಟ್ಟಿದ ಮರಿ ಜಾತ್ರೆಯ ಪ್ರದರ್ಶನದಲ್ಲಿ ನೋಡುಗರ ಮೆಚ್ಚುಗೆ ಗಳಿಸಬಹುದು. ತಳಿ ಬಲ್ಲವರು ತಲೆ ಮತ್ತು ಕಿವಿಗಳನ್ನು ನೋಡಿದೊಡನೆ ಗುರುತಿಸುತ್ತಾರೆ. ಅಷ್ಟೇ ಅಲ್ಲ, ಒಮ್ಮೆ ಬೆರೆತ ರಕ್ತವನ್ನು ಆ ಊರಿನ ನಾಯಿಗಳಿಂದ ಮತ್ತೆ ಬೇರ್ಪಡಿಸಲಾಗದು. ಬರಡು ನೆಲದಲ್ಲಿ, ಕಡಿಮೆ ಆಹಾರದಲ್ಲಿ, ಬಿಸಿಲಿನಲ್ಲಿ ಬಾಳುವ ಗುಣವೇ ಈ ತಳಿಯ ಬೆಲೆ. ಅದನ್ನು ಎರಡು ಅಂಗುಲ ಎತ್ತರಕ್ಕೆ ಮಾರಿಕೊಳ್ಳುವುದು ನಷ್ಟದ ವ್ಯಾಪಾರ.

ಅಪರಿಚಿತರ ಸ್ಪರ್ಶಕ್ಕೆ ಒಗ್ಗಿಸುವುದು

ರಿಂಗ್‌ನಲ್ಲಿ ಮುಧೋಳ ನಾಯಿ ಸೋಲುವುದು ಹೆಚ್ಚಾಗಿ ಮೈಕಟ್ಟಿನಿಂದಲ್ಲ, ಸ್ವಭಾವದಿಂದ. ಮನೆಯವರೊಂದಿಗೆ ಸಲುಗೆಯಿಂದಿರುವ ಈ ನಾಯಿ ಅಪರಿಚಿತರ ಕೈ ಮೈಮೇಲೆ ಬಿದ್ದರೆ ಸಹಿಸುವುದಿಲ್ಲ. ಇದು ದೋಷವಲ್ಲ, ತಳಿಯ ಗುಣ. ಆದರೆ ತೀರ್ಪುಗಾರರು ತುಟಿ ಎತ್ತಿ ಹಲ್ಲು ನೋಡಬೇಕು, ಎದೆ ಹಾಗೂ ಸೊಂಟ ಮುಟ್ಟಬೇಕು, ಗಂಡಾದರೆ ವೃಷಣಗಳನ್ನೂ ಪರೀಕ್ಷಿಸಬೇಕು. ಆಗ ಹಿಂದೆ ಸರಿದು ಮುದುಡಿದ ನಾಯಿಯ ನಿಲುವು ಕಾಣುವುದೇ ಇಲ್ಲ. ಕಚ್ಚಲು ಹೋದರೆ ಹೊರಗೆ ಕಳುಹಿಸುತ್ತಾರೆ.

ಮರಿಯು ಹೊಸದನ್ನು ಭಯವಿಲ್ಲದೆ ಸ್ವೀಕರಿಸುವ ಕಾಲ ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ. ಈ ಅವಧಿಯಲ್ಲಿ ಅಟ್ಟದ ಹಿಂದೆ ಅಥವಾ ತೋಟದ ಮನೆಯಲ್ಲಿ ಕಟ್ಟಿಹಾಕಿ ಬೆಳೆಸಿದ ಮರಿಯನ್ನು ವರ್ಷದ ನಂತರ ತಿದ್ದುವುದು ಬಲು ಕಷ್ಟ. ನಿತ್ಯ ಐದು ನಿಮಿಷ ಸಾಕು: ಕಿವಿ, ಪಂಜ, ಬಾಲ ಮುಟ್ಟಿ, ತುಟಿ ಎತ್ತಿ, ಕೂಡಲೇ ಬೇಯಿಸಿದ ಮೊಟ್ಟೆ ಅಥವಾ ಈರಲಿಯ ಚೂರು ಕೊಡಿ. ನಂತರ ಇದೇ ಕೆಲಸವನ್ನು ನೆರೆಮನೆಯವರಿಂದ, ಹಾಲು ಹಾಕುವವರಿಂದ, ಟೋಪಿ ಧರಿಸಿದವರಿಂದ, ಹೆಂಗಸರಿಂದಲೂ ಗಂಡಸರಿಂದಲೂ ಮಾಡಿಸಿ. ಬಂದವರು ನಾಯಿಯ ಮೇಲೆ ಬಾಗದೆ ಪಕ್ಕದಿಂದ ಬಂದು, ಕೈಯನ್ನು ಮೊದಲು ಮೂಸಲು ಕೊಟ್ಟು, ಗದ್ದದ ಕೆಳಗಿನಿಂದ ಮುಟ್ಟಲಿ. ಮರಿ ಹಿಂಜರಿದರೆ ಬಲವಂತವಾಗಿ ಹಿಡಿಯಬೇಡಿ. ಹೊಡೆತವಂತೂ ಎಲ್ಲವನ್ನೂ ಹಾಳುಮಾಡುತ್ತದೆ. ಲಸಿಕೆ ಪೂರ್ಣವಾಗುವವರೆಗೆ ಬೀದಿನಾಯಿಗಳ ಸಂಪರ್ಕ ಬೇಡವೆಂಬುದೂ ನೆನಪಿರಲಿ. ಜನರನ್ನು ಮನೆಗೆ ಕರೆಯಿರಿ, ಮರಿಯನ್ನು ಸಂತೆಗೆ ಒಯ್ಯಬೇಡಿ.

ನಾಲ್ಕು ತಿಂಗಳ ನಂತರ ನಿಲುವು ಮತ್ತು ನಡಿಗೆಯನ್ನು ಕಲಿಸಬಹುದು. ನಾಯಿಯು ನಿಮ್ಮ ಎಡಗಡೆ, ಸಡಿಲ ಹಗ್ಗದಲ್ಲಿ, ಮೂಸದೆ ಎಳೆಯದೆ ಹಗುರ ಓಟದಲ್ಲಿ ಸಾಗಬೇಕು. ತೀರ್ಪುಗಾರರು ನೇರವಾಗಿ ಹೋಗಿಬರಲು, ತ್ರಿಕೋನದಲ್ಲಿ ಅಥವಾ ಸುತ್ತಲೂ ಓಡಿಸಲು ಹೇಳುತ್ತಾರೆ. ಮೂರನ್ನೂ ಕಣದಲ್ಲಿ ಅಭ್ಯಾಸ ಮಾಡಿ. ಓಟದ ಶಕ್ತಿ ಬೆಳೆಸಲೆಂದು ಮೊಲ ಬೆನ್ನಟ್ಟಿಸುವವರು ಇನ್ನೂ ಇದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಆಹಾರ ಮತ್ತು ಆರೋಗ್ಯ

ಜೋಳದ ರೊಟ್ಟಿ, ಹಾಲು ಈ ಭಾಗದ ವಾಡಿಕೆಯ ಆಹಾರ. ಬೆಳೆಯುವ ಮರಿಗೆ ಅಷ್ಟು ಸಾಲದು. ಮೊಟ್ಟೆ, ಮಾಂಸದಂತಹ ಸಸಾರಜನಕಯುಕ್ತ ಆಹಾರ ಸೇರಿಸಬೇಕು. ಆದರೆ ಪ್ರದರ್ಶನಕ್ಕೆಂದು ಕೊಬ್ಬಿಸಬೇಡಿ. ಕೊನೆಯ ಪಕ್ಕೆಲುಬುಗಳು ಮಸುಕಾಗಿ ಕಾಣುವುದು ಈ ತಳಿಗೆ ಸಹಜ. ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್ ಮತ್ತು ಪಾರ್ವೊ ಒಳಗೊಂಡ ಸಂಯುಕ್ತ ಲಸಿಕೆಯನ್ನು ಆರಂಭಿಸಿ, ವೈದ್ಯರು ಸೂಚಿಸಿದ ಅಂತರದಲ್ಲಿ ಮರುಡೋಸ್ ಹಾಕಿಸಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ನಂತರ ಪ್ರತಿವರ್ಷ. ಉಣ್ಣೆಜ್ವರಗಳು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಉಣ್ಣೆ ನಿಯಂತ್ರಣ ಅಗತ್ಯ. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಇದು ಕೊಬ್ಬು ಕಡಿಮೆಯಿರುವ ಬೇಟೆನಾಯಿ ಎಂದು ವೈದ್ಯರಿಗೆ ತಿಳಿಸಿ. ಕೆಲವು ಅರಿವಳಿಕೆಗಳ ಪರಿಣಾಮ ಇವುಗಳಲ್ಲಿ ದೀರ್ಘವಾಗಿರುತ್ತದೆ.

ಪ್ರದರ್ಶನದ ದಿನ

ಚಾಂಪಿಯನ್‌ಶಿಪ್ ಪ್ರದರ್ಶನಗಳ ಪ್ರವೇಶ ಅವಧಿ ಮುಂಚಿತವಾಗಿಯೇ ಮುಗಿಯುತ್ತದೆ. ವಯಸ್ಸಿಗೆ ತಕ್ಕ ವರ್ಗದಲ್ಲೇ ಹೆಸರು ನೀಡಿ. ಅಲ್ಲಿ ಸಿಗುವುದು ಬಹುತೇಕ ಪ್ರಮಾಣಪತ್ರ ಮತ್ತು ಪಾರಿತೋಷಕ. ಪ್ರಯಾಣ, ಪ್ರವೇಶ ಶುಲ್ಕ ಎಲ್ಲವೂ ನಿಮ್ಮದೇ ಖರ್ಚು. ಆದ್ದರಿಂದ ಸಾಲ ಮಾಡಿ ಹೋಗುವ ಕೆಲಸ ಇದಲ್ಲ. ಹೊರಡುವ ಮುನ್ನ ಲಘು ಆಹಾರ ಕೊಡಿ, ಮನೆಯ ನೀರನ್ನೇ ಒಯ್ಯಿರಿ, ನಿಲ್ಲಿಸಿದ ವಾಹನದಲ್ಲಿ ನಾಯಿಯನ್ನು ಬಿಟ್ಟು ಹೋಗಬೇಡಿ. ಸ್ಥಾನ ಸಿಗದಿದ್ದರೆ ತೀರ್ಪುಗಾರರ ಕೆಲಸ ಮುಗಿದ ಮೇಲೆ ವಿನಯದಿಂದ ಕಾರಣ ಕೇಳಿ. ಮುಂದಿನ ಜೋಡಿಯ ಆಯ್ಕೆಗೆ ಆ ಎರಡು ಮಾತು ಪಾರಿತೋಷಕಕ್ಕಿಂತ ಉಪಯುಕ್ತ. ತಳಿಯ ಕುರಿತ ಮಾಹಿತಿಗೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ಸಂಪರ್ಕಿಸಬಹುದು.

ಪ್ರದರ್ಶನದಿಂದ ಮರಳಿದ ನಾಯಿಯನ್ನು ಮನೆಯ ಮರಿಗಳಿಂದ ಎರಡು ವಾರ ಪ್ರತ್ಯೇಕವಾಗಿಡಿ. ಪಾರ್ವೊ ವೈರಾಣು ಚಪ್ಪಲಿ, ಬಟ್ಟೆ, ಹಗ್ಗಗಳಲ್ಲಿಯೂ ಬರುತ್ತದೆ. ಮರಿಗಳ ಗೂಡಿಗೆ ಹೋಗುವ ಮುನ್ನ ಬಟ್ಟೆ ಬದಲಿಸಿ, ಚಪ್ಪಲಿ ಮತ್ತು ಹಗ್ಗವನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆಯಿರಿ.