ಚೆನ್ನೆ ಆಡುತ್ತೇನೆ ಎನ್ನಲು ನಾಚಿಕೆಯೇಕೆ?

ಮುಂಬಯಿ: ಆಟಿ ತಿಂಗಳು ಬಂತೆಂದರೆ ಮಹಾನಗರದ ತುಳು-ಕನ್ನಡಿಗರ ಸಂಘಸಂಸ್ಥೆಗಳಲ್ಲಿ ‘ಆಟಿಡೊಂಜಿ ದಿನ’ದ ಸಂಭ್ರಮ. ಪತ್ರೊಡೆಯ ಘಮದ ನಡುವೆ ವೇದಿಕೆಯಲ್ಲೊಂದು ಚೆನ್ನೆಮಣೆಯೂ ಇರುತ್ತದೆ. ಗಣ್ಯರು ನಾಲ್ಕು ಕಾಯಿ ಹಾಕಿ ಉದ್ಘಾಟಿಸುತ್ತಾರೆ. ಫೋಟೊ ತೆಗೆದಾದ ಮೇಲೆ ಮಣೆ ಅಟ್ಟ ಸೇರುತ್ತದೆ. ವರ್ಷವಿಡೀ ಆಡುವ ಆಸೆಯಿದ್ದವರು ಅದನ್ನು ನಾಲ್ವರೆದುರು ಹೇಳಲು ಹಿಂಜರಿಯುತ್ತಾರೆ.

ಕಾರಣ ಇಲ್ಲದಿಲ್ಲ. ಆಟಿ ಕಳೆದ ಮೇಲೆ ಆಡಿದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ ಊರಿನಿಂದಲೇ ಬಂದದ್ದು. ಹೆಂಗಸರ ಆಟವನ್ನು ಗಂಡಸು ಆಡಿದರೆ ನಗೆಪಾಟಲು ಬೇರೆ. ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದೆಂಬ ಕಟ್ಟುಪಾಡಿನ ಹಿಂದೆ ಸಿರಿ ಪಾಡ್ದನವಿದೆ. ಅವಳಿ ಸೋದರಿಯರಾದ ಅಬ್ಬಗ-ದಾರಗ ಚೆನ್ನೆ ಆಡುತ್ತಲೇ ಜಗಳಕ್ಕೆ ಬಿದ್ದರು. ಅಬ್ಬಗ ಮಣೆಯಿಂದಲೇ ದಾರಗನಿಗೆ ಹೊಡೆದಳು. ಕೊನೆಗೆ ಇಬ್ಬರ ಪ್ರಾಣವೂ ಹೋಯಿತು. ಗೋಪಾಲ ನಾಯ್ಕರು ಹಾಡಿದ ಈ ಪಾಡ್ದನವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು 1990ರಲ್ಲಿ ದಾಖಲಿಸಿ, 1998ರಲ್ಲಿ ಗ್ರಂಥರೂಪಕ್ಕೆ ತಂದರು. ಕಥೆ ದೊಡ್ಡದು, ನಿಜ. ಆದರೆ ಸಿಟ್ಟಿನ ತಪ್ಪನ್ನು ಮಣೆಯ ತಲೆಗೆ ಕಟ್ಟುವುದು ಎಷ್ಟು ಸರಿ?

ಆಟಿಯ ಜಡಿಮಳೆಗೆ ಹೊರಗಿನ ಕೆಲಸ ನಿಂತು, ಒಳಗೆ ಕುಳಿತು ಹೊತ್ತು ಕಳೆಯಬೇಕಿತ್ತು. ಬೇರೆ ತಿಂಗಳಲ್ಲೂ ಆಡುತ್ತಾ ಕುಳಿತರೆ ಬೇಸಾಯ ಕೆಟ್ಟೀತೆಂದು ಹಿರಿಯರು ಕಟ್ಟಳೆ ಹಾಕಿರಬೇಕು. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಕೆಡುವ ಗದ್ದೆ ಯಾವುದು?

ಕೆಲವರಿಗೆ ಮಣೆ, ಕಾಯಿ ಎಂದೊಡನೆ ಜೂಜಿನ ನೆನಪು. ಚೆನ್ನೆಯಲ್ಲಿ ದಾಳವೇ ಇಲ್ಲ. ಎರಡು ಸಾಲು, ಸಾಲಿಗೆ 7ರಂತೆ 14 ಗುಳಿ. ಸಾಮಾನ್ಯವಾಗಿ ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿದವರಿಗೆ ಗೆಲುವು. ಮುಂದಿನ ನಿಯಮಗಳು ಊರಿಂದೂರಿಗೆ ಬೇರೆ. ಮೂಡಬಿದಿರೆಯವರೂ ಕುಂದಾಪುರದವರೂ ಆಡಲು ಕುಳಿತರೆ ಮೊದಲರ್ಧ ಗಂಟೆ ವಾದಕ್ಕೇ ಬೇಕು! ಘಟ್ಟದ ಮೇಲೆ ಇದೇ ಅಳಗುಳಿ ಮಣೆ, ತಮಿಳರಿಗೆ ಪಲ್ಲಾಂಗುಳಿ. ಇದೇ ಬಳಗದ ಬಾವೊ ಆಟವನ್ನು ಜಂಜಿಬಾರ್‌ನ ಗಂಡಸರು ಬೀದಿಬದಿಯ ಕಟ್ಟೆಯಲ್ಲಿ ಕುಳಿತು ಎಲ್ಲರೆದುರೇ ಆಡುತ್ತಾರೆ.

ನಮ್ಮ ಸಂಘಗಳ ಕ್ರೀಡೋತ್ಸವದಲ್ಲಿ ಕೇರಂ, ಚೆಸ್‌ಗೆ ಟ್ರೋಫಿ ಉಂಟು. ಕೇರಂ ಆಡುತ್ತೇನೆ ಎನ್ನಲು ಯಾರೂ ನಾಚುವುದಿಲ್ಲ. ಅದೇ ಪಟ್ಟಿಗೆ ಚೆನ್ನೆಯನ್ನೂ ಸೇರಿಸಿ, ಮಹಿಳಾ ವಿಭಾಗಕ್ಕಷ್ಟೇ ಬಿಡದೆ ಪುರುಷರ ಹೆಸರನ್ನೂ ಬರೆದುಕೊಂಡರೆ ಅರ್ಧ ಸಂಕೋಚ ಅಲ್ಲಿಗೇ ಕಳೆದೀತು. ನಂಬಿಕೆಯಿದ್ದವರು ಆಟಿಯಲ್ಲೇ ಆಡಲಿ, ಅಡ್ಡಿಯಿಲ್ಲ. ಉಳಿದವರಿಗಾಗಿ ಮಣೆಯೊಂದು ಸಂಘದ ಕಚೇರಿಯ ಮೇಜಿನ ಮೇಲಿರಲಿ. ಮಂಜೊಟ್ಟಿ ಸಿಗದಿದ್ದರೆ ಹುಣಸೆಬೀಜವೂ ಆದೀತು. ಸಮಿತಿ ಸಭೆಗೆ ಕೋರಂ ತುಂಬುವಷ್ಟರಲ್ಲಿ ಬೇಗ ಬಂದವರಿಬ್ಬರ ಎರಡು ಆಟ ಮುಗಿದಿರುತ್ತದೆ.