ಪಾಸ್‌ವರ್ಡ್‌ಗಳನ್ನು ತಂತ್ರಾಂಶದಲ್ಲಿ ಉಳಿಸಿಡುವ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ, ಆಸ್ತಿ ತೆರಿಗೆ ಮುಂತಾದ ಸೇವೆಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಹಲವು ಖಾತೆಗಳನ್ನು ಹೊಂದಿರುತ್ತಾರೆ. ಪ್ರತಿ ಖಾತೆಗೂ ಪ್ರತ್ಯೇಕ ಪಾಸ್‌ವರ್ಡ್ ಇರಬೇಕಾದುದು ಅವಶ್ಯಕವಾದರೂ, ಅವೆಲ್ಲವನ್ನೂ ನೆನಪಿನಲ್ಲಿಡುವುದು ಕಷ್ಟಸಾಧ್ಯ. ಪಾಸ್‌ವರ್ಡ್ ಮರೆತುಹೋದಲ್ಲಿ ಅರ್ಜಿಯ ಕೊನೆಯ ದಿನಾಂಕ ಮೀರಿಹೋಗಬಹುದು. ಅದು ಅನ್ಯರ ಕೈಸೇರಿದಲ್ಲಿ ಖಾತೆಯಲ್ಲಿರುವ ಬ್ಯಾಂಕ್ ವಿವರ ಹಾಗೂ ದಾಖಲೆಗಳು ದುರುಪಯೋಗವಾಗಬಹುದು. ಈ ಎರಡೂ ತೊಂದರೆಗಳನ್ನು ತಪ್ಪಿಸುವ ಸಲುವಾಗಿ, ಪಾಸ್‌ವರ್ಡನ್ನು ತಂತ್ರಾಂಶದಲ್ಲಿ ಯಾವಾಗ ಉಳಿಸಬಹುದು, ಯಾವಾಗ ಉಳಿಸಬಾರದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ತಂತ್ರಾಂಶವು ಪಾಸ್‌ವರ್ಡನ್ನು ಹೇಗೆ ಉಳಿಸುತ್ತದೆ?

ಸುರಕ್ಷಿತವಾಗಿ ರೂಪಿಸಲಾದ ಜಾಲತಾಣವು ಬಳಕೆದಾರರ ಪಾಸ್‌ವರ್ಡನ್ನು ಇದ್ದಂತೆಯೇ ಇಟ್ಟುಕೊಳ್ಳುವುದಿಲ್ಲ. ಗಣಿತದ ವಿಧಾನದಿಂದ ಅದನ್ನು ಹಿಂದಿರುಗಿಸಲಾಗದ ಒಂದು ಗುರುತಾಗಿ ಮಾರ್ಪಡಿಸಿ, ಆ ಗುರುತನ್ನು ಮಾತ್ರ ಇಡುತ್ತದೆ. ಆದರೆ ಬಳಕೆದಾರರ ಪರವಾಗಿ ಪಾಸ್‌ವರ್ಡ್ ತುಂಬಿಕೊಡುವ ತಂತ್ರಾಂಶಕ್ಕೆ ಮೂಲ ಪಾಸ್‌ವರ್ಡೇ ಬೇಕಾಗುತ್ತದೆ. ಆದುದರಿಂದ ಅದು ಪಾಸ್‌ವರ್ಡನ್ನು ಸಂಕೇತಭಾಷೆಗೆ ಪರಿವರ್ತಿಸಿ, ಪುನಃ ಬಿಡಿಸಬಲ್ಲ ರೂಪದಲ್ಲಿ ಇಡುತ್ತದೆ. ಅದನ್ನು ಬಿಡಿಸುವ ಬೀಗದ ಕೈ ಎಲ್ಲಿದೆ, ಅದು ಯಾರಿಗೆ ದೊರೆಯುತ್ತದೆ ಎಂಬುದರ ಮೇಲೆ ಸುರಕ್ಷತೆಯು ಅವಲಂಬಿತವಾಗಿರುತ್ತದೆ.

2. ಉಳಿಸುವ ವಿಧಾನಗಳು

ಅ) ಬ್ರೌಸರ್‌ನಲ್ಲಿ ಉಳಿಸುವುದು: ಇದು ಅತ್ಯಂತ ಸುಲಭವಾದ ವಿಧಾನ. ಇಲ್ಲಿ ಬೀಗದ ಕೈ ಸಾಮಾನ್ಯವಾಗಿ ಆ ಗಣಕಯಂತ್ರ ಅಥವಾ ಮೊಬೈಲ್‌ನಲ್ಲಿಯೇ ಇರುತ್ತದೆ. ಯಂತ್ರವು ತೆರೆದಿರುವಾಗ ಅದರ ಮುಂದೆ ಕುಳಿತ ಬೇರೊಬ್ಬರೂ ಉಳಿಸಿದ ಖಾತೆಗಳನ್ನು ಪ್ರವೇಶಿಸಬಹುದು. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ‘ಪ್ರೈಮರಿ ಪಾಸ್‌ವರ್ಡ್’ ನಿಗದಿಪಡಿಸಿದಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿಗೆ ಮತ್ತೊಂದು ಬೀಗ ದೊರೆಯುತ್ತದೆ.

ಆ) ಪಾಸ್‌ವರ್ಡ್ ಮ್ಯಾನೇಜರ್: ಈ ತಂತ್ರಾಂಶಗಳಲ್ಲಿ ಬೀಗದ ಕೈಯನ್ನು ಬಳಕೆದಾರರ ಮುಖ್ಯ ಪಾಸ್‌ವರ್ಡ್‌ನಿಂದಲೇ ರೂಪಿಸಲಾಗುತ್ತದೆ. ಉಚಿತವಾಗಿ ದೊರೆಯುವ ಕೀಪಾಸ್ ತಂತ್ರಾಂಶವು ಎಲ್ಲಾ ಪಾಸ್‌ವರ್ಡ್‌ಗಳನ್ನು ಬಳಕೆದಾರರ ಬಳಿಯೇ ಇರುವ ಒಂದು ಕಡತದಲ್ಲಿ ಸಂಕೇತರೂಪದಲ್ಲಿಡುತ್ತದೆ. ಮುಖ್ಯ ಪಾಸ್‌ವರ್ಡ್ ಮರೆತಲ್ಲಿ ಆ ಕಡತವನ್ನು ತೆರೆಯಲು ಅನ್ಯಮಾರ್ಗವಿರುವುದಿಲ್ಲ.

ಇ) ಮೊಬೈಲ್ ಟಿಪ್ಪಣಿ, ಎಕ್ಸೆಲ್ ಕಡತ, ವಾಟ್ಸ್‌ಆ್ಯಪ್ ಸಂದೇಶ: ಇವುಗಳಲ್ಲಿ ಬರೆದಿಟ್ಟ ಪಾಸ್‌ವರ್ಡ್‌ಗೆ ಪ್ರತ್ಯೇಕ ಬೀಗವಿರುವುದಿಲ್ಲ. ಫೋನ್ ತೆರೆದವರಿಗೆ ಅವು ನೇರವಾಗಿ ಕಾಣಿಸುತ್ತವೆ. ಇದನ್ನು ತಪ್ಪಿಸತಕ್ಕದ್ದು.

3. 2022ರ ಒಂದು ಪ್ರಕರಣ

ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಸಂಗ್ರಹ ಸೇವೆಯ ಗ್ರಾಹಕರ ದತ್ತಾಂಶದ ಪ್ರತಿಯನ್ನು ಕಳ್ಳರು ನಕಲು ಮಾಡಿಕೊಂಡಿರುವುದಾಗಿ ಆ ಸಂಸ್ಥೆಯು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದರಲ್ಲಿದ್ದ ಪಾಸ್‌ವರ್ಡ್‌ಗಳು ಸಂಕೇತರೂಪದಲ್ಲಿದ್ದವು. ಜಾಲತಾಣಗಳ ವಿಳಾಸಗಳು ಸಂಕೇತರೂಪದಲ್ಲಿರಲಿಲ್ಲ. ಹೀಗೆ ನಕಲಾದ ಕಡತದ ಮೇಲೆ ಎಷ್ಟು ಬಾರಿ ಬೇಕಾದರೂ ಪಾಸ್‌ವರ್ಡ್ ಊಹಿಸಿ ಪ್ರಯತ್ನಿಸಬಹುದು. ಆದುದರಿಂದ ದೀರ್ಘವಾದ ಮುಖ್ಯ ಪಾಸ್‌ವರ್ಡ್ ಇಟ್ಟವರಿಗೆ ಅಪಾಯ ಕಡಿಮೆ. ಹುಟ್ಟಿದ ದಿನಾಂಕ ಅಥವಾ ಮಕ್ಕಳ ಹೆಸರನ್ನು ಇಟ್ಟವರಿಗೆ ಅಪಾಯ ಹೆಚ್ಚು.

4. ಅನುಕೂಲದಿಂದಲೇ ಸುರಕ್ಷತೆ ಹೆಚ್ಚುವ ಸಂದರ್ಭ

ತಂತ್ರಾಂಶವು ಜಾಲತಾಣದ ವಿಳಾಸವನ್ನು ತಾಳೆ ನೋಡಿ, ಹೊಂದಿಕೆಯಾದಲ್ಲಿ ಮಾತ್ರ ಪಾಸ್‌ವರ್ಡ್ ತುಂಬುತ್ತದೆ. ನೋಟಕ್ಕೆ ಅಸಲಿಯಂತೆಯೇ ಇರುವ ನಕಲಿ ಜಾಲತಾಣದಲ್ಲಿ ಅದು ತುಂಬುವುದಿಲ್ಲ. ಎಂದಿನಂತೆ ಪಾಸ್‌ವರ್ಡ್ ತಾನಾಗಿ ತುಂಬದಿದ್ದಲ್ಲಿ, ಕೈಯಿಂದ ನಮೂದಿಸುವ ಮೊದಲು ವಿಳಾಸವನ್ನು ಪರಿಶೀಲಿಸತಕ್ಕದ್ದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಇಂತಹ ತಂತ್ರಾಂಶಗಳ ಬಳಕೆಗೆ ಅಡ್ಡಿಯಾಗದಂತೆ ಪಾಸ್‌ವರ್ಡ್ ನಕಲಿಸಿ ಅಂಟಿಸಲು ಜಾಲತಾಣಗಳು ಅವಕಾಶ ನೀಡಬೇಕೆಂದು ಸಲಹೆ ಮಾಡಿದೆ.

5. ಅರ್ಜಿದಾರರು ಅನುಸರಿಸತಕ್ಕ ಕ್ರಮಗಳು

1) ಸ್ವಂತ ಮೊಬೈಲ್ ಅಥವಾ ಗಣಕಯಂತ್ರಕ್ಕೆ ಪರದೆ ಬೀಗವಿದ್ದಲ್ಲಿ, ಸೇವಾ ಖಾತೆಗಳ ಪಾಸ್‌ವರ್ಡನ್ನು ಅದರಲ್ಲಿ ಉಳಿಸಬಹುದು. ಬಳಸದಿರುವಾಗ ಪರದೆಯು ಕೆಲವೇ ನಿಮಿಷಗಳಲ್ಲಿ ತಾನಾಗಿ ಮುಚ್ಚುವಂತೆ ಹೊಂದಿಸತಕ್ಕದ್ದು. ಒಟಿಪಿ ಸಂದೇಶವೂ ಅದೇ ಫೋನಿಗೆ ಬರುವುದರಿಂದ, ಪರದೆ ಬೀಗವಿಲ್ಲದ ಫೋನ್ ಕಳೆದುಹೋದಲ್ಲಿ ಎರಡೂ ಒಟ್ಟಿಗೆ ಅನ್ಯರ ಪಾಲಾಗುತ್ತವೆ.

2) ಮನೆಮಂದಿಯೆಲ್ಲಾ ಬಳಸುವ ಗಣಕಯಂತ್ರದಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ಇರುವುದು ಸೂಕ್ತ.

3) ಸೈಬರ್ ಕೇಂದ್ರ, ಕಾಲೇಜು ಅಥವಾ ಕಚೇರಿಯ ಗಣಕಯಂತ್ರದಲ್ಲಿ ಪಾಸ್‌ವರ್ಡ್ ಉಳಿಸಬೇಕೇ ಎಂದು ಬ್ರೌಸರ್ ಕೇಳಿದಾಗ ‘ಬೇಡ’ ಎಂದೇ ಆಯ್ಕೆ ಮಾಡತಕ್ಕದ್ದು. ಕೆಲಸ ಮುಗಿದ ನಂತರ ಖಾತೆಯಿಂದ ನಿರ್ಗಮಿಸತಕ್ಕದ್ದು.

4) ಅರ್ಜಿಯನ್ನು ಬೇರೊಬ್ಬರು ಭರ್ತಿ ಮಾಡುತ್ತಿದ್ದಲ್ಲಿ, ಖಾತೆಗೆ ಅರ್ಜಿದಾರರದೇ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನೀಡಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಪಾಸ್‌ವರ್ಡನ್ನು ಸ್ವತಃ ನಮೂದಿಸತಕ್ಕದ್ದು. ಅನಿವಾರ್ಯವಾಗಿ ಹೇಳಿದ್ದಲ್ಲಿ ಅದೇ ದಿನ ಬದಲಾಯಿಸತಕ್ಕದ್ದು.

5) ಇ-ಮೇಲ್ ಖಾತೆಯ ಮೂಲಕ ಇತರ ಖಾತೆಗಳ ಪಾಸ್‌ವರ್ಡನ್ನೂ ಬದಲಾಯಿಸಬಹುದಾದ್ದರಿಂದ, ಅದಕ್ಕೆ ಬೇರೆಲ್ಲಿಯೂ ಬಳಸದ ಪಾಸ್‌ವರ್ಡ್ ಹಾಗೂ ಎರಡು ಹಂತದ ದೃಢೀಕರಣ ಇರತಕ್ಕದ್ದು.

6) ಯುಪಿಐ ಪಿನ್ ಮತ್ತು ಎಟಿಎಂ ಪಿನ್‌ಗಳನ್ನು ಫೋನಿನಲ್ಲಿ ಬರೆದಿಡಬಾರದು.

7) ಮುಖ್ಯ ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಬಹುದು. ಅದನ್ನು ಕಾಗದದಲ್ಲಿ ಬರೆದು, ಜಮೀನಿನ ಪತ್ರಗಳಂತಹ ದಾಖಲೆಗಳೊಡನೆ ಬೀರುವಿನಲ್ಲಿಡುವುದು ತಪ್ಪಲ್ಲ.

8) ಹಳೆಯ ಮೊಬೈಲ್ ಮಾರುವ ಮೊದಲು ಎಲ್ಲಾ ಖಾತೆಗಳಿಂದ ನಿರ್ಗಮಿಸಿ, ಅದರಲ್ಲಿನ ದತ್ತಾಂಶವನ್ನು ಪೂರ್ಣವಾಗಿ ಅಳಿಸತಕ್ಕದ್ದು.

6. ಪಾಸ್‌ವರ್ಡ್ ಅನ್ಯರಿಗೆ ತಿಳಿದಿದೆ ಎಂಬ ಸಂದೇಹವಿದ್ದಲ್ಲಿ

ಮೊದಲು ಇ-ಮೇಲ್ ಖಾತೆಯ, ನಂತರ ಸೇವಾ ಖಾತೆಯ ಪಾಸ್‌ವರ್ಡನ್ನು ನಂಬಿಕೆಯ ಬೇರೊಂದು ಯಂತ್ರದಿಂದ ಬದಲಾಯಿಸತಕ್ಕದ್ದು. ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು. ಅನ್ಯರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಅನ್ವಯ 3 ವರ್ಷಗಳವರೆಗಿನ ಕಾರಾವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿರುತ್ತದೆ.

ಅರ್ಜಿಯನ್ನು ಪರಿಶೀಲಿಸಲು ಅರ್ಜಿದಾರರ ಪಾಸ್‌ವರ್ಡ್‌ನ ಅವಶ್ಯಕತೆ ಇರುವುದಿಲ್ಲ. ಆದುದರಿಂದ ಅಧಿಕಾರಿಯ ಹೆಸರಿನಲ್ಲಿ ಯಾರೇ ಕೇಳಿದರೂ ಅದನ್ನು ತಿಳಿಸಬಾರದು.