ಆಲಿವ್ ಗಿಡ ಬದುಕುತ್ತೆ, ಕಾಯಿ ಬಿಡುತ್ತಾ?

ರಾಮನಾಥಪುರ ಅಂದ್ರೆ ಹೊಗೆಸೊಪ್ಪು, ಅದರ ಹರಾಜು ಮಾರುಕಟ್ಟೆ. ಹೊಗೆಸೊಪ್ಪು ಬಿಟ್ಟು ಏನು ಬೆಳೆಯೋದು ಅನ್ನೋದು ಇಲ್ಲಿನ ರೈತರ ನಿಜವಾದ ಚಿಂತೆ. ಆಲಿವ್ ಹಾಕಿದ್ರೆ ಹೇಗೆ? ಎಣ್ಣೆಗೆ ಒಳ್ಳೆ ಬೆಲೆಯಿದೆ, ಮರ ನೂರಾರು ವರ್ಷ ಬಾಳುತ್ತೆ, ಬರ ತಡೆಯುತ್ತೆ. ಎಲ್ಲ ಸರಿ. ಆದ್ರೆ ಸಸಿಗೆ ದುಡ್ಡು ಕೊಡೋ ಮುಂಚೆ ಒಂದು ವಿಷಯ ತಿಳಿದಿರಲಿ.

ಆಲಿವ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಮರ. ಅಲ್ಲಿ ಮಳೆ ಸುರಿಯೋದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತೆ. ನಮ್ಮಲ್ಲಿ ಇದು ತಲೆಕೆಳಗು. ಅದಕ್ಕಿಂತ ದೊಡ್ಡ ತೊಡಕು ಚಳಿಯದು. ಹೆಚ್ಚಿನ ತಳಿಗಳಲ್ಲಿ ಹೂಮೊಗ್ಗು ಮೂಡಬೇಕಾದ್ರೆ ವಾರಗಟ್ಟಲೆ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿರಬೇಕು. ಷಷ್ಠಿ ಜಾತ್ರೆ ಹೊತ್ತಿಗೆ ನಮಗೆ ಮೈ ನಡುಗಬಹುದು, ಆದ್ರೆ ಹಾಸನ ಸೀಮೆಯಲ್ಲಿ ಡಿಸೆಂಬರ್, ಜನವರಿ ರಾತ್ರಿಗಳು ಸಾಮಾನ್ಯವಾಗಿ 13–15 ಡಿಗ್ರಿ ಆಸುಪಾಸಲ್ಲೇ ಇರುತ್ತವೆ. ಮರ ಹಸಿರಾಗಿ ಬೆಳೆಯುತ್ತೆ, ಹೂ ಮಾತ್ರ ಬರೋದು ಕಷ್ಟ.

ಹೂ ಬಂದ್ರೂ ಕೆಲಸ ಮುಗೀಲಿಲ್ಲ. ಆಲಿವ್‌ನ ಪರಾಗ ಹರಡೋದು ಗಾಳಿಯಿಂದ. ಹೂ ಬಿಟ್ಟಾಗ ಮಳೆ ಹೊಡೆದ್ರೆ ಕಾಯಿ ಕಚ್ಚಲ್ಲ. ಎಷ್ಟೋ ತಳಿಗಳಿಗೆ ಪಕ್ಕದಲ್ಲಿ ಇನ್ನೊಂದು ತಳಿಯೂ ಬೇಕು. ಇನ್ನು ಮಣ್ಣು: ನೀರು ಬಸಿದುಹೋಗೋ ಹಗುರ ಕೆಂಪು ಮಣ್ಣು ಆಗುತ್ತೆ, ನಾಲೆ ಕೆಳಗಿನ ಜೌಗು ಗದ್ದೆ ಆಗಲ್ಲ; ಬೇರು ಕೊಳೆಯುತ್ತೆ.

ಹಾಗಾದ್ರೆ ರಾಜಸ್ಥಾನದಲ್ಲಿ ಹೇಗೆ ಬೆಳೆದ್ರು ಅಂತ ಕೇಳಬಹುದು. ಇಸ್ರೇಲಿನ ನೆರವಿನಿಂದ 2008ರಲ್ಲಿ ಅಲ್ಲಿ ಸಸಿ ನೆಟ್ರು, ಹನಿ ನೀರಾವರಿ ಮಾಡಿದ್ರು. 2014ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಎಣ್ಣೆ ಘಟಕವೂ ಶುರುವಾಯ್ತು. ಆದ್ರೆ ಬಿಕಾನೇರ್ ಮರುಭೂಮಿ. ಅಲ್ಲಿ ಜನವರಿ ರಾತ್ರಿ 5 ಡಿಗ್ರಿಗೂ ಇಳಿಯುತ್ತೆ, ಮಳೆಯೂ ತೀರಾ ಕಡಿಮೆ. ಅವರಿಗೆ ಒದಗಿದ ಚಳಿ ನಮಗಿಲ್ಲ.

ಹಾಗಂತ ಗಿಡವನ್ನೇ ಮುಟ್ಟಬೇಡಿ ಅಂತ ನಾನು ಹೇಳ್ತಿಲ್ಲ. ಅರ್ಬೆಕ್ವಿನಾ, ಕೊರೊನೈಕಿ ಥರದ ತಳಿಗಳಿಗೆ ಬೇರೆಯವಕ್ಕಿಂತ ಕಡಿಮೆ ಚಳಿ ಸಾಕು ಅಂತಾರೆ. ಆಸೆಯಿದ್ರೆ ಬದುವಿನ ಮೇಲೆ ನಾಲ್ಕು ಗಿಡ ಹಾಕಿ, ಐದಾರು ವರ್ಷ ನೋಡಿ. ಸಸಿ ಮಾರೋರು ಬಂದ್ರೆ ಒಂದೇ ಮಾತು ಕೇಳಿ: "ನಮ್ಮಂಥ ಹವೆಯಲ್ಲಿ ಕಾಯಿ ಬಿಟ್ಟಿರೋ ತೋಟ ತೋರಿಸಿ." ಅವರು ತೋರಿಸೋವರೆಗೂ ಸಾಲ ಮಾಡಬೇಡಿ, ಇರೋ ಬೆಳೆ ಕೀಳಬೇಡಿ.